ಬುತ್ತಿ

ದೋಟಿಹಾಳದ ದಾರಿಗೆ ಬಿಳಿ ಪರದೆಯ ಮನೆ.
ಜೇನಿಗೆ ಅಲ್ಲಿ ಬಾಗಿಲಿಲ್ಲ, ನಮಗಿದೆ.
ಇಳಿಹೊತ್ತಿಗೆ ಮರ್ದಾನಬಿ
ನಾಳೆ ಅರಳುವ ಟೊಮೆಟೊ ಮೊಗ್ಗನ್ನು ಇವತ್ತೇ ಬಿಡಿಸುತ್ತಾಳೆ,
ಚಿಮಟದ ತುದಿಯಲ್ಲಿ ಹಳದಿ ಕೇಸರ ಕಿತ್ತು
ಸೀರೆಯ ಮೇಲೆ ತೊಟ್ಟ ಗಂಡನ ಅಂಗಿಗೆ ಒರೆಸುತ್ತಾಳೆ.
ನಡುವೆ ಉಳಿಯುವುದು ಒಂದು ಹಸಿರು ಕಡ್ಡಿ,
ದಾರಕ್ಕಿಂತ ತುಸು ದಪ್ಪ.

ಬೆಳಗ್ಗೆ ನನ್ನ ಕೆಲಸ.
ಹೆಬ್ಬೆರಳ ಉಂಗುರದ ಬಟ್ಟಲಲ್ಲಿ ಗಂಡುಸಾಲಿನ ಹುಡಿ.
ಬಿಸಿಲೇರುವುದರೊಳಗೆ ಕಡ್ಡಿಯ ತಲೆ
ಅದರಲ್ಲಿ ಅದ್ದಬೇಕು, ಒತ್ತಬಾರದು.
'ಒದ್ದಿ ಐತೇನ್ ನೋಡು.
ಮೂಗು ಸೋರೋ ಕೂಸಿನಂಗ ಮಿಂಚತಿದ್ರ
ಅದು ಕರಿಯಾಕ ಹತ್ತೇತಿ.'
ಪುಸ್ತಕದಲ್ಲಿ ಶಲಾಕಾಗ್ರ ಎಂದಿತ್ತು.
ಮೂಗಿನ ಮಾತಿರಲಿಲ್ಲ.
ಮುಟ್ಟಿದ ಹೂವಿನ ಎರಡು ಹಸಿರೆಸಳು ಕತ್ತರಿಸಿದರೆ ಗುರುತು,
ಕಳಕಪ್ಪನ ವಹಿಗೆ ಲೆಕ್ಕ.

ಮಧ್ಯಾಹ್ನ ಅಕ್ಕ ಕಟ್ಟಿದ ಗಂಟು ಬಿಚ್ಚಿದೆ:
ಕಟಕ್ ರೊಟ್ಟಿ, ಸೇಂಗಾ ಹಿಂಡಿ, ಉಳ್ಳಾಗಡ್ಡಿ.
'ಆ ಹುಡಿ ಈಗ ಏನ್ ಮಾಡ್ತಿರತೈತಿ?'
ಪಿಯುಸಿಯಲ್ಲಿ ಬರೆದ ಚಿತ್ರವನ್ನು
ಕಡ್ಡಿಯಿಂದ ಮಣ್ಣಲ್ಲಿ ಗೀಚಿದೆ.
ಒಂದು ಕಣ ನೀರು ಕುಡಿದು ಉಬ್ಬುತ್ತದೆ,
ಕತ್ತಲೊಳಗೆ ಕೊಳವೆ ಬಿಡುತ್ತದೆ,
ಬಾವಿಗೆ ಹಗ್ಗ ಇಳಿದ ಹಾಗೆ.
ಆ ಹಗ್ಗದಲ್ಲಿ ಇಬ್ಬರು.
ತಳದಲ್ಲಿ ಅಂಡಕ, ಅದಕ್ಕೊಂದು ಕಿಂಡಿ.
ಒಬ್ಬ ತತ್ತಿಯನ್ನು ಕೂಡಿ ಕೂಸಾಗುತ್ತಾನೆ.
ಇನ್ನೊಬ್ಬ ಪಕ್ಕದ ಕೋಣೆಗೆ ಹೋಗಿ
ಕೂಸಿಗೆ ಬುತ್ತಿಯಾಗುತ್ತಾನೆ.
ಹೊದಿಕೆ ಗಟ್ಟಿಯಾಗಿ ಸಿಪ್ಪೆ,
ಸುತ್ತಲ ಮನೆಯೆಲ್ಲ ಹಿಗ್ಗಿ ಹಣ್ಣು.

ಮರ್ದಾನಬಿಯ ಕೈಯಲ್ಲಿ ರೊಟ್ಟಿ ನಿಂತಿತು.
'ಯಾಂವ ಕೂಸು, ಯಾಂವ ಬುತ್ತಿ,
ಕೇಳಿದ್ರೇನ್ ಯಾರರ ಅವಕ್ಕ?'
ಲೆಕ್ಚರರ್ ಅದನ್ನು ಹೇಳಿರಲಿಲ್ಲ.
ಐದು ಅಂಕದ ಪ್ರಶ್ನೆ, ಅಷ್ಟೇ.
ಅಕ್ಕ ಗ್ಯಾನವ್ವ ಏಳನೇತ್ತೆಗೆ ಶಾಲೆ ಬಿಟ್ಟಳು.
ನಾನು ಬಿಡಲಿಲ್ಲ.
ಡಬ್ಬಿ ತೊಳೆಯಲು ಎದ್ದೆ.

ಐವತ್ತು ದಿನಕ್ಕೆ ಹಣ್ಣು ಕೆಂಪಾದವು.
ಹಿಚುಕಿ, ಹುಳಿಯಲು ಬಿಟ್ಟು, ತೊಳೆದು, ಅರಿವೆಯ ಮೇಲೆ ಹರವಿದೆವು.
ತಿರುಳು ಎಮ್ಮೆಗೆ.
ಬೀಜಕ್ಕೆ ಬೂದು ಕೂದಲು,
ಮುಟ್ಟಿದರೆ ಬೆಕ್ಕಿನ ಕಿವಿ.
ಗ್ರಾಮಿನ ಲೆಕ್ಕದಲ್ಲಿ ತೂಗಿ ಕಳಕಪ್ಪ ಮೊಹರು ಒತ್ತಿದ.

ಒಂದು ಬೀಜ ಬಳೆಯ ಸಂದಿಗೆ ಅಂಟಿ
ಮನೆತನಕ ಬಂದಿತ್ತು, ನನಗೂ ಹೇಳದೆ.
ಬಚ್ಚಲ ಕಲ್ಲಿನ ಬಳಿ ಒಂದು ದಿನ ಅಕ್ಕ ಕರೆದಳು:
ಎರಡು ಎಲೆ,
ಒಂದರ ತುದಿಗೆ ಇನ್ನೂ ಸಿಪ್ಪೆಯ ಕುಲಾಯಿ.
ಒಳಗೆ ಬುತ್ತಿ ಖಾಲಿ.
ಉಗುರಿನಿಂದ ಅದನ್ನು ಬಿಡಿಸಲು ಹೋದಳು.
ತಾನೇ ಕಳಚಲಿ ಬಿಡು, ಅಂದೆ.
ಕೇಳಿಸಿತೋ ಇಲ್ಲವೋ,
ಬಗ್ಗಿಯೇ ಇದ್ದಳು ಬಹಳ ಹೊತ್ತು.