ಸೆರಗಿನ ಗಂಟು

ಇನ್ನೂರು ಮೀಟರಿಗೆ ಮೊದಲು
ಹೊಟ್ಟೆಯಿಂದ ಪಂಪು ಬಿಚ್ಚಿ ಅಜ್ಜಿಗೆ ಕೊಡುತ್ತೇನೆ.
ಒದ್ದೆ ಕರವಸ್ತ್ರದಲ್ಲಿ ಸುತ್ತಿ
ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ,
ಮಿಲ್ಲಿನ ಬಟವಾಡೆ ದುಡ್ಡು ಕಟ್ಟುತ್ತಿದ್ದ ಹಾಗೆ.
ದಾವಣಗೆರೆಯ ಏಪ್ರಿಲ್ಲು; ಇನ್ಸುಲಿನ್ನಿಗೂ ಬಿಸಿಲು ತಾಗುತ್ತದೆ.

ನೂರ ಅರವತ್ತೆರಡು. ಎರಡು ಖರ್ಜೂರ.
ಪ್ಲಾಸ್ಟರಿನ ಅಂಚು ಒತ್ತಿ ನೋಡಿ
ಮೂರನೇ ಲೇನಿನ ಕಟ್ಟೆ ಹತ್ತುತ್ತೇನೆ.

ನೀರಿನೊಳಗೆ ಯಾವ ಅಂಕಿಯೂ ಬರುವುದಿಲ್ಲ.
ಕೊನೆಯ ತಿರುವಿನಲ್ಲಿ ತೊಡೆ ನಡುಗುತ್ತದೆ.
ದಣಿವೋ, ಸಕ್ಕರೆ ಇಳಿಯಿತೋ,
ಎರಡಕ್ಕೂ ಒಂದೇ ಮುಖ.
ಒಂದು ಕೈ, ಇನ್ನೊಂದು ಕೈ.

ಮಿಲ್ಲು ಮುಚ್ಚುವವರೆಗೂ ಕದಿರುಗಳ ನಡುವೆ ನಿಂತವಳು;
ಆ ಗದ್ದಲದಲ್ಲೂ ಒಂದೆಳೆ ಹರಿದದ್ದು
ಕೇಳಿಸುತ್ತಿತ್ತಂತೆ ಅವಳಿಗೆ.
ಈಗ ಗ್ಯಾಲರಿಯ ಕೂಗಿನ ನಡುವೆ
ಸೆರಗಿಗೆ ಕಿವಿಗೊಟ್ಟು ಕೂತಿದ್ದಾಳೆ.

ಗೋಡೆ ಮುಟ್ಟಿದೆ. ನಾಲ್ಕನೆಯವಳು.
"ಎಷ್ಟು ಬಂತು?" ಪಕ್ಕದ ಲೇನಿನ ಇಂಚರಾ,
ಹಗ್ಗಕ್ಕೆ ಜೋತುಬಿದ್ದು, ಏದುಸಿರಲ್ಲಿ.
"ಎಷ್ಟೈತೇ?" ಮೇಲಿಂದ ಅಜ್ಜಿ,
ಆಗಲೇ ಗಂಟಿಗೆ ಕೈಹಾಕಿ.

ಫೋನು ನೋಡಿ ಮೊದಲು ಅಜ್ಜಿಗೆ ಹೇಳಿದೆ: ತೊಂಬತ್ತೊಂದು.
ಅವಳು ಟೈಮಿನ ಬಗ್ಗೆ ಕೇಳಲೇ ಇಲ್ಲ.
ಟಿಕ್ ಎಂದು ಕೂತಿತು ಪಂಪು,
ಮೈತುಂಬ ಎಲೆಯಡಿಕೆ ವಾಸನೆ ಹೊತ್ತು.