ಒತ್ತಿಗೆ ಜಾಗ

ಕಾರ್ಖಾನೆಯವರು ಕಳಿಸಿದ ನಕ್ಷೆಯಲ್ಲಿ
ಪೊಟ್ಟಣವೆಂದರೆ ಬರೀ ಗೆರೆ.
ಕೆಂಪು ಗೆರೆಗೆ ಕತ್ತರಿ, ಚುಕ್ಕೆ ಗೆರೆಗೆ ಮಡಿಕೆ,
ಮೇಲೂ ಕೆಳಗೂ ಹನ್ನೆರಡು ಮಿಲಿಮೀಟರು ಬೂದು ಪಟ್ಟಿ:
ಇಲ್ಲಿ ಬಿಸಿ ದವಡೆ ಕಚ್ಚುತ್ತದೆ,
ಏನೂ ಬರೆಯಬೇಡಿ.

ಸಾಲಗಾಮೆ ರಸ್ತೆಯ ನನ್ನ ಅಂಗಡಿಗೆ
ಕಟ್ಟಾಯದ ಕಡೆಯಿಂದ ಬಂದ ಚಿಕ್ಕತಾಯಮ್ಮ
ಸ್ಟೂಲಿನ ತುದಿಗೆ ಕೂತು ಕೇಳಿದರು,
"ಬಣ್ಣಕ್ಕೆ ಎಷ್ಟಾಯ್ತದೆ?"
ಒಂದೊಂದು ಬಣ್ಣಕ್ಕೂ ಒಂದೊಂದು ತಾಮ್ರದ ಉರುಳೆ,
ಉರುಳೆಗೆ ಇಷ್ಟು ಸಾವಿರ.
ಬೆರಳು ಮಡಿಸಿದರು. ಬಿಡಿಸಿದರು.
"ಹಂಗಾರೆ ಅರಿಸಿನ ಒಂದಿರ್ಲಿ. ಕೆಂಪು ಬ್ಯಾಡ, ಹಸಿರು ಬ್ಯಾಡ."
ಸಸ್ಯಾಹಾರದ ಚುಕ್ಕೆಗೆ ಹಸಿರು ಬೇಕು, ಕಾನೂನು ಅಮ್ಮ.
"ಒಂದ್ ಚುಕ್ಕೆಗೆ ಒಂದ್ ಉರುಳೆನಾ!"
ಸ್ವಲ್ಪ ಹೊತ್ತು ಫ್ಯಾನು ನೋಡಿದರು.
"ಹಂಗಾರೆ ಹೆಸರೂ ಹಸಿರಲ್ಲೇ ಹಾಕು,
ತೂಕ, ಬೆಲೆ, ಆ ಗೆರೆ ಗೆರೆ, ಎಲ್ಲ.
ದುಡ್ಡು ಕೊಟ್ಟ ಮ್ಯಾಲೆ ದುಡಿಸ್ಬೇಕು ಕಣಪ್ಪ."

ಕಡು ಹಸಿರಾದರೆ ಬಾರ್‌ಕೋಡು ಓದಬಹುದು.
ಕಪ್ಪು ಉರುಳೆ ಹೋಯಿತು.
ಬಿಳಿ ಮಾತ್ರ ಉಳಿಯಿತು, ಅದಕ್ಕೂ ಜಗಳ.
ಕಾಗದವಲ್ಲ ಇದು, ಗಾಜಿನಂಥ ಹಾಳೆ;
ಬೆನ್ನಿಗೆ ಬಿಳಿ ನಿಲ್ಲದಿದ್ದರೆ
ಅರಿಸಿನ ಕಣ್ಣಿಗೇ ಹತ್ತುವುದಿಲ್ಲ.

ಆಗ ಸಂಘದ ಪಾಸ್‌ಬುಕ್ಕಿನೊಳಗಿಂದ
ಚಪ್ಪಟೆಯಾದ ಒಂದು ಹೂವು ತೆಗೆದರು.
ಆಲೂಗಡ್ಡೆ ಹೂವು.
"ಗಡ್ಡೆ ಎಲ್ರೂ ಕಂಡವ್ರೆ. ಇದನ್ನ ಯಾರು ಕಂಡವ್ರೆ?
ಇದಕ್ಕೆ ಎಷ್ಟಾಯ್ತದೆ?"

ಹೂವು ಬಿಳಿ, ನಡುವೆ ಅರಿಸಿನ.
ಹಳದಿಯಲ್ಲಿ ಐದು ಎಸಳಿನಷ್ಟು ತೂತು ಕೊರೆದೆ.
ಅಡಿಯಲ್ಲಿ ಹೇಗೂ ಇದ್ದ ಬಿಳಿ
ಅಷ್ಟರಲ್ಲಿ ಹೊರಗೆ ಇಣುಕಿತು.
ಏನೂ ಆಗಲ್ಲ ಅಮ್ಮ, ಎಂದೆ.
ನಂಬಲಿಲ್ಲ. ಬಿಲ್ಲು ನೋಡಿ ನಂಬಿದರು.

ರಾತ್ರಿ ಒಬ್ಬನೇ ಕೂತು
ಅಕ್ಷರಗಳನ್ನೆಲ್ಲ ಗೆರೆಯಾಗಿ ಒಡೆದೆ;
ಅಲ್ಲಿನ ಯಂತ್ರಕ್ಕೆ ಕನ್ನಡ ಬಾರದು.
ಹೋದ ವರ್ಷ ಯಾರದೋ ಬೆಲ್ಲ
ಬೆಲವಾಗಿ ಇಪ್ಪತ್ತು ಸಾವಿರ ಪೊಟ್ಟಣ ಬಂದಿತ್ತು,
ಇನ್ನೂ ನನ್ನ ಅಟ್ಟದ ಮೇಲಿದೆ.
ಹಾಳೆಯ ಒಳಮೈಗೆ ಎಲ್ಲ ತಿರುಗುಮುರುಗು ಅಚ್ಚಾಗುತ್ತದಂತೆ,
ಎದುರಿನವರಿಗೆ ನೆಟ್ಟಗೆ ಕಾಣಲೆಂದು.
ಇರಲಿ. ನನ್ನ ಚಿಂತೆ ಬೇರೆ:
ಹೆಸರಿಗೆಂದು ಅವರು ಬಿಟ್ಟ ಇಂಗ್ಲಿಷ್ ಅಳತೆಯ ಪೆಟ್ಟಿಗೆಗೆ
ನೆಲಮಾಳಿಗೆ ಇಲ್ಲ.
'ಕ್ಕ'ದ ಒತ್ತು, 'ಮ್ಮ'ದ ಒತ್ತು
ಎರಡು ಮಿಲಿಮೀಟರು ಕೆಳಗಿಳಿದು
ಬೂದು ಪಟ್ಟಿಯಲ್ಲಿ ಕಾಲು ಚಾಚಿವೆ,
ಬಿಸಿ ದವಡೆ ಒತ್ತುವಲ್ಲಿಗೇ.
ಹೂವನ್ನು ಎತ್ತಿದೆ, ಹೆಸರನ್ನು ಎತ್ತಿದೆ,
ಮತ್ತೆ ಹೂವನ್ನು ಕುಗ್ಗಿಸಿದೆ.
ಒಂದೂವರೆಗೆ ಕಾಲು ಒಳಗೆ ಬಂದವು.

ಬೆಳಿಗ್ಗೆ ಪ್ರೂಫಿನ ಮೇಲೆ, 'ಒಪ್ಪಿಗೆ' ಎಂಬಲ್ಲಿ,
ಪೆನ್ನು ಬಿಗಿಹಿಡಿದು ಬರೆದರು:
ಚಿಕತಾಯಮ.

ನಾನು ಸುಮ್ಮನಿದ್ದೆ.
ಅವರು ಪ್ರೂಫು ನೋಡಿದರು, ರುಜು ನೋಡಿದರು.
"ನಂಗೆ ಇಷ್ಟೇ ಬರೋದು.
ನೀನು ಹಾಕಿರೋದೇ ಚೆಂದಾಗೈತೆ ಬಿಡು,
ಚಪ್ಪಲಿ ಮೆಟ್ಕೊಂಡ್ ನಿಂತಂಗೈತೆ."