ಕಾಲೂರಿದರೆ ಒಂದು

ಸೀಟಿಲ್ಲ ಇದಕ್ಕೆ.
ನೋಡಿದವರೆಲ್ಲ ಮೊದಲು ಕೇಳುವುದು ಅದನ್ನೇ:
ಕೂರುವುದೆಲ್ಲಿ?
ಕೂರುವುದಿಲ್ಲ. ಕೂರಲು ಮನೆಯಲ್ಲಿ ಕುರ್ಚಿ ಇದೆ.
ನಿಂತೇ ನಡೆಸಬೇಕು, ಮೊಣಕಾಲು ಸಡಿಲ ಬಿಟ್ಟು,
ನಡೆಯುವವರಿಗಿಂತ ಮೆಲ್ಲಗೆ,
ಗೋಡೆಯಂಥ ಬಂಡೆಗೆ ಮುಖ ಕೊಟ್ಟು.

ಇಪ್ಪತ್ತೆರಡು ವರ್ಷ ಇದನ್ನು ಓಡಿಸಿದವನು ಇದ್ವಾಲ್.
ಇಪ್ಪತ್ತೆರಡು ವರ್ಷ ಇದನ್ನು ತೊಳೆದವಳು ನಾನು.
ಭಾನುವಾರ ಸಂಜೆ ಅವನು ಸ್ನಾನಕ್ಕೆ ಹೋದರೆ
ನಾನು ಶೆಡ್ಡಿಗೆ.
ಕಡ್ಡಿಯಿಂದ ಕೆಸರು ಕೆರೆದು,
ಫಿಲ್ಟರಿನ ಸ್ಪಂಜು ತೊಳೆದು ಹಿಂಡಿ
ಮತ್ತೆ ಎಣ್ಣೆ ಹಚ್ಚಿ, ಮಗುವಿನ ನೆತ್ತಿಗೆ ಹಚ್ಚುವಷ್ಟೇ,
ಹೆಚ್ಚಾದರೆ ಉಸಿರು ಕಟ್ಟುತ್ತದೆ ಅದಕ್ಕೆ.
ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕೇಳುತ್ತಿದ್ದೆ,
ಮಡಕೆ ಕೊಳ್ಳುವವರ ಹಾಗೆ:
ಟಿಣ್ ಎಂದರೆ ಸರಿ, ಡಬ್ ಎಂದರೆ ಅರ್ಧ ತಿರುವು.
ಒಂದು ಸಲ ಚೈನನ್ನು ಗ್ರೀಸಿನಲ್ಲಿ ಕಾಯಿಸಿ
ಕ್ರಿಸ್‌ಮಸ್ಸಿನ ಬಾಣಲೆ ಹಾಳು ಮಾಡಿದೆ.
ಅವನು ಬೈಯಲಿಲ್ಲ. ಅವನ ತಾಯಿ ಬೈದಳು.

ಹೋದ ವರ್ಷ ಮಾರ್ಚಿನಲ್ಲಿ
ಅವನ ಬಲಗಿವಿಯೊಳಗೆ ಏನೋ ಕೆಟ್ಟಿತು.
ಡಾಕ್ಟರು ಚಿತ್ರ ಬರೆದು ತೋರಿಸಿದರು:
ಬಸವನಹುಳುವಿನಂಥದ್ದು, ಅದರ ಮೇಲೆ ಮೂರು ಬಳೆ,
ಬಳೆಯೊಳಗೆ ನೀರು.
ಆ ನೀರು ಸುಮ್ಮನಿರದಿದ್ದರೆ ನೆಲ ಸುಮ್ಮನಿರುವುದಿಲ್ಲವಂತೆ.
ಒಂದು ದಿನ ಶೆಡ್ಡಿನಲ್ಲಿ, ಸ್ಟಾರ್ಟು ಮಾಡದೆ,
ಗಾಡಿಯ ಮೇಲೆ ನಿಂತ.
ಗೋಡೆ ಹಿಡಿದ. ಇಳಿದ.
ಟೀ ಇದೆಯಾ, ಅಂದ.

ಮಾರೋಣ ಎನ್ನಲಿಲ್ಲ ಅವನು. ನಾನೂ ಕೇಳಲಿಲ್ಲ.
ವಾರ ವಾರ ಟೈರಿನ ಗಾಳಿ ಮಾತ್ರ ನೋಡುತ್ತಿದ್ದೆ,
ಹಿಂದಕ್ಕೆ ನಾಲ್ಕು ಪೌಂಡು, ಮುಂದಕ್ಕೆ ಆರು.
ಮೆತ್ತಗಿದ್ದರೇ ಅದು ಕಲ್ಲನ್ನು ತಬ್ಬುತ್ತದೆ.
ಐವತ್ತನಾಲ್ಕನೆಯ ವಯಸ್ಸಿಗೆ, ಮೇ ತಿಂಗಳ ಒಂದು ಬೆಳಿಗ್ಗೆ,
ಹಿತ್ತಿಲ ಬೇಲಿಯ ಹತ್ತಿರ ಕಿಕ್ ಹೊಡೆದೆ.
ಕುರಿಗಳು ಓಡಿದವು. ನಾನು ಬಿದ್ದೆ.
ಕಿಟಕಿಯಲ್ಲಿ ಅವನ ಮುಖ ಇತ್ತು, ಆಮೇಲೆ ಇರಲಿಲ್ಲ,
ಆಮೇಲೆ ಅವನು ಬಾಗಿಲಲ್ಲಿ:
"ಕ್ಲಚ್ಚಿಗೆ ಒಂದೇ ಬೆರಳು, ಮೆರೆರಿಡ್. ಒಂದೇ.
ಹಸು ಕರೀತಿದ್ದೀಯಾ?"

ಇವತ್ತು ಬ್ರಿನ್‌ಗ್ಲಾಸ್ ಗಣಿ. ವೇಲ್ಸಿನ ಈ ಮೂಲೆಯ ಕಲ್ಲು
ಒಂದು ಕಾಲಕ್ಕೆ ಹಡಗು ಹತ್ತಿ
ಯಾವ ಯಾವುದೋ ಊರಿನ ಮಕ್ಕಳ ತೊಡೆಯ ಮೇಲೆ
ಸ್ಲೇಟಾಗಿ ಕೂತಿತ್ತಂತೆ.
ಉಳಿದದ್ದು ಈ ಚೂರಿನ ಗುಡ್ಡ,
ಮಳೆ ಬಿದ್ದರೆ ಮೀನಿನ ಬೆನ್ನು.
ಆರನೆಯ ಸೆಕ್ಷನ್ನು. ಕೆಂಪು ಬಾವುಟ ಬಲಕ್ಕೆ, ನೀಲಿ ಎಡಕ್ಕೆ,
ನಡುವೆ ತೊರೆ, ತೊರೆಯಾಚೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೊಂದು ಬೇರು.
ಎರಡು ಸಲ ನಡೆದು ನೋಡಿದೆ.
ಟೆಗಿಡ್ ಎಂಬ ಹುಡುಗ, ಹದಿನಾರು ವರ್ಷ, ಮೀಸೆ ಇನ್ನೂ ಅನುಮಾನದಲ್ಲಿದೆ,
ಮೇಕೆಯ ಹಾಗೆ ಹತ್ತಿ ಹೋದ.
ತುದಿಯಲ್ಲಿ ಮಡಿಸುವ ಕುರ್ಚಿ ಹಾಕಿ
ಕೋಲೂರಿ ಕೂತ ತೀರ್ಪುಗಾರ: ಇದ್ವಾಲ್.

ಲೆಕ್ಕ ಸುಲಭ.
ಕಾಲೂರಿದರೆ ಒಂದು. ಮತ್ತೆ ಊರಿದರೆ ಎರಡು.
ಆಮೇಲೆ ಎಷ್ಟೇ ಊರಿದರೂ ಮೂರು. ಬಿದ್ದರೆ ಐದು.
ಬೇರೆ ಕಡೆ ಕಾಲೂರಿದ ಎಂದರೆ ಬದುಕಿದ ಎಂದರ್ಥ,
ಸೊನ್ನೆ ಸುತ್ತಿದ ಎಂದರೆ ಕೆಟ್ಟ.
ಇಲ್ಲಿ ಸೊನ್ನೆಗಾಗಿ ಸಾಯುತ್ತಾರೆ.
ಲೆಕ್ಕದ ಮೇಷ್ಟರು ನನಗೆ ಕೊಟ್ಟ ಸೊನ್ನೆಗಳನ್ನೆಲ್ಲ
ಕೂಡಿಟ್ಟಿದ್ದರೆ ಇವತ್ತು ಒಂದು ತೆಗೆಯಬಹುದಿತ್ತು.

ಹೊರಟೆ.
ನೀರಿನಡಿ ಕಲ್ಲು ಉರುಳಿದ್ದು ಪಾದಕ್ಕೆ ತಿಳಿಯಿತು.
ಮುಂದಿನ ಗಾಲಿ ಮೆಟ್ಟಿಲಿಗೆ ತಾಗಿ, ಎದ್ದು,
ಒಂದು ಗಳಿಗೆ ಎಲ್ಲ ನಿಂತಿತು.
ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ,
ಒಂದು ಬೆರಳಿನ ಮೇಲೆ ನಾನು, ಗಾಡಿ,
ಇಪ್ಪತ್ತೆರಡು ವರ್ಷದ ಕೆಸರು.
ಬೆರಳು ಬಿಟ್ಟೆ. ಎಂಜಿನ್ನು ಕೆಮ್ಮಿತು, ಹತ್ತಿತು.
ಬೇರಿನ ಮೇಲೆ ಹಿಂದಿನ ಗಾಲಿ ಜಾರಿದಾಗ
ಎಡ ಬೂಟಿನ ತುದಿ
ಕಲ್ಲನ್ನು ಮುಟ್ಟಿತೆ?
ಪಾಚಿಯನ್ನು ಮುಟ್ಟಿರಬೇಕು.

ಅವನ ಕಿವಿ ಕೆಟ್ಟಿದೆ, ಕಣ್ಣಲ್ಲ.
ಕಾರ್ಡಿಗೆ ತೂತು ಹೊಡೆದ ಸದ್ದು ಎಂಜಿನ್ನಿನ ಮೇಲೂ ಕೇಳಿತು.
"ಒಂದು," ಅಂದ.
"ಪಾಚಿ ಅದು," ಅಂದೆ.
"ಪಾಚಿಗೂ ಒಂದು."
ಹಿಂದೆ ಯಾರೋ ನಕ್ಕರು.
ಮುಂದಿನವರಿಗೆ ದಾರಿ ಬಿಡು ಎಂದು ಕೋಲಿನಲ್ಲಿ ತೋರಿಸಿದ.

ಇನ್ನೂ ಮೂರು ಸುತ್ತು ಇದೆ.
ಚೈನು ಕೊಂಚ ಸಡಿಲಾಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ.
ಸಂಜೆ ಗಾಡಿ ತೊಳೆಯುವುದು ಯಾರೆಂದು
ಇನ್ನೂ ಮಾತಾಗಿಲ್ಲ.